ಕೊಡಗಿನ ಸಣ್ಣ ಪೇಟೆಗೆ ಮನೆ ಬದಲಿಸುವ ಮುಂಚೆ: ಜುಲೈ ತಿಂಗಳಲ್ಲಿ ಹಾಕಬೇಕಾದ ಲೆಕ್ಕ

ನಾವು ಬೆಂಗಳೂರಿನ ವಿಜಯನಗರ ಬಿಟ್ಟು ಕುಶಾಲನಗರಕ್ಕೆ ಬಂದು ಮೂರು ಮಳೆಗಾಲವಾಯಿತು. ವರ್ಷವನ್ನು ಹೀಗೆ ಎಣಿಸುವುದು ಇಲ್ಲಿಗೆ ಬಂದ ಮೇಲೆ ಕಲಿತ ಅಭ್ಯಾಸ. ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕ, ನಾವೂ ಬಂದುಬಿಡೋಣ ಅಂತಿದ್ದೀವಿ. ಹೇಗೆ?" ಹೆಚ್ಚಿನವರು ಡಿಸೆಂಬರ್‌ನಲ್ಲಿ ಮೂರು ದಿನ ಹೋಂಸ್ಟೇಯಲ್ಲಿದ್ದು ಹೋದವರು. ಬೆಳಗ್ಗೆ ಮಂಜು, ಗಿಡದ ತುಂಬ ಕೆಂಪು ಕಾಫಿ ಹಣ್ಣು, ರಾತ್ರಿ ಬೆಂಕಿ ಹಾಕಿಕೊಂಡು ಹರಟೆ. ಆ ಕೊಡಗು ಸುಳ್ಳಲ್ಲ. ಆದರೆ ಅದು ವರ್ಷದಲ್ಲಿ ಮೂರು ತಿಂಗಳ ಕೊಡಗು.

ಬನ್ನಿ ಅಂತಲೂ ನಾನು ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಲೆಕ್ಕ ಹೇಗೆ ಹಾಕಬೇಕು ಅನ್ನುವುದನ್ನು ಮಾತ್ರ ಹೇಳಬಲ್ಲೆ. ಯಾಕೆಂದರೆ ನಾವು ಹಾಕಿದ ಮೊದಲ ಲೆಕ್ಕ ಪೂರ್ತಿ ತಪ್ಪಾಗಿತ್ತು.

ಹೆಜ್ಜೆ 1: ಮನೆಯಲ್ಲಿ ಎಷ್ಟು ಜನವೋ ಅಷ್ಟು ಪಟ್ಟಿ

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದೆವು. ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಲಾಭ, ಬಲಗಡೆ ನಷ್ಟ. ಒಳ್ಳೆ ಗಾಳಿ, ಕಡಿಮೆ ಬಾಡಿಗೆ, ಟ್ರಾಫಿಕ್ ಇಲ್ಲ ಅಂತ ಎಡಗಡೆ ಉದ್ದಕ್ಕೆ ಬೆಳೆಯಿತು. ಬಲಗಡೆ ನಾಲ್ಕೇ ಸಾಲು. ತೀರ್ಮಾನ ಆಗಿಯೇ ಹೋಯಿತು ಅಂದುಕೊಂಡೆವು.

ಒಂದು ವಾರ ಬಿಟ್ಟು ಅದೇ ಹಾಳೆ ನೋಡುವಾಗ ನನಗೆ ಹೊಳೆದದ್ದು ಬೇರೆ. ಲಾಭದ ಸಾಲೆಲ್ಲ ನಮ್ಮವರದ್ದು. ಅವರದು ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಎಲ್ಲಿಟ್ಟರೂ ಒಂದೇ. ನಷ್ಟದ ನಾಲ್ಕು ಸಾಲಿನಲ್ಲಿ ಎರಡು ನನ್ನವು, ಎರಡು ಅತ್ತೆಯವು. ನನ್ನ ಟ್ಯೂಷನ್ ಹೋಗುತ್ತದೆ. ಅತ್ತೆಗೆ ಸಂಜೆ ಪಾರ್ಕಿನ ಗೆಳತಿಯರು ಹೋಗುತ್ತಾರೆ. ಒಟ್ಟು ಕೂಡಿ ಕಳೆದರೆ ಮನೆಗೆ ಲಾಭ, ಹೌದು. ಆದರೆ ಲಾಭ ಒಬ್ಬರಿಗೆ, ಬೆಲೆ ಕೊಡುವವರು ಇಬ್ಬರು ಅಂದರೆ ಅದೆಂಥ ಲೆಕ್ಕ?

ಆದ್ದರಿಂದ ಒಂದು ಹಾಳೆ ಸಾಲದು. ತಲೆಗೊಂದು ಹಾಳೆ ಕೊಡಿ. ಮಕ್ಕಳಿಗೂ ಕೊಡಿ. ಅವರವರೇ ಬರೆಯಲಿ. ಎಲ್ಲರೂ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ಬೆಳಗ್ಗೆ ತಿಂಡಿ ಆದ ಮೇಲೆ ನನ್ನ ದಿನ ಹೇಗೆ ಕಳೆಯುತ್ತದೆ? ಮನೆಯವರನ್ನು ಬಿಟ್ಟು ಯಾರ ಜೊತೆ ಮಾತಾಡುತ್ತೇನೆ? ನಾನೊಬ್ಬಳೇ ಅಥವಾ ಒಬ್ಬನೇ ಹೊರಗೆ ಹೋಗಬೇಕಾದರೆ ಹೇಗೆ ಹೋಗುತ್ತೇನೆ?

ಮೂರನೇ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಗಾಡಿ ಓಡಿಸಲು ಬಾರದವರಿಗೂ ಮೆಟ್ರೋ ಇದೆ, ಆಟೋ ಇದೆ. ಇಲ್ಲಿ ಪೇಟೆಯ ಒಳಗೆ ಆಟೋ ಸಿಗುತ್ತದೆ. ಪೇಟೆ ದಾಟಿದರೆ ಬಸ್ಸಿನ ಹೊತ್ತು ನೋಡಿಕೊಂಡೇ ಬದುಕಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವೇನೋ ಸರಿ. ಆದರೆ ಒಳಗಿನ ಊರುಗಳಿಗೆ ಓಡುವ ಬಸ್ಸಿನಲ್ಲಿ ಖಾಸಗಿಯವರದೇ ಜಾಸ್ತಿ, ಅದರಲ್ಲಿ ಟಿಕೆಟ್ ಕೊಳ್ಳಲೇಬೇಕು. ನಾನು 41ನೇ ವಯಸ್ಸಿನಲ್ಲಿ ಸ್ಕೂಟರ್ ಕಲಿತೆ. ಬರುವ ಮೊದಲೇ ಕಲಿತಿದ್ದರೆ ಮೊದಲ ಆರು ತಿಂಗಳು ಅಷ್ಟು ಅಳುತ್ತಿರಲಿಲ್ಲ.

ಹೆಜ್ಜೆ 2: ಮಳೆ ನೋಡಿ ಪೇಟೆ ಆರಿಸಿ

"ಕೊಡಗಿಗೆ ಬರುತ್ತೇವೆ" ಅನ್ನುವವರನ್ನು ನಾನು ಮೊದಲು ಕೇಳುವುದು, ಯಾವ ಕೊಡಗಿಗೆ ಅಂತ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧದಷ್ಟೂ ಮಳೆ ಇಲ್ಲ. ಮಡಿಕೇರಿಯಲ್ಲಿ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದವರು ಇಲ್ಲಿ ಇಳಿಯುವಾಗ ಸ್ವೆಟರ್ ಕೈಯಲ್ಲಿ ಹಿಡಿದಿರುತ್ತಾರೆ. ಭಾಗಮಂಡಲದ ಕಡೆ ಹೋದರೆ ಮಡಿಕೇರಿಯ ಮಳೆಯೇ ಕಡಿಮೆ ಅನ್ನಿಸುತ್ತದೆ.

ಇಲ್ಲಿನವರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ. ಒಂದು ಇಂಚು ಅಂದರೆ ಸುಮಾರು 25 ಮಿಲಿಮೀಟರ್. ತೋಟದವರ ಮನೆಯಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ, ದಿನದ ಲೆಕ್ಕ ಬರೆದ ಹಳೆಯ ಪುಸ್ತಕವೂ ಇರುತ್ತದೆ. ನೀವು ನೋಡಿದ ಮನೆಯ ಹತ್ತಿರ ಯಾವುದಾದರೂ ತೋಟ ಇದ್ದರೆ "ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಇಂಚು?" ಅಂತ ಕೇಳಿ. ಬಹಳ ಖುಷಿಯಿಂದ ಹೇಳುತ್ತಾರೆ. ಬ್ರೋಕರ್ ಹೇಳದ ಸತ್ಯ ಅಲ್ಲಿ ಸಿಗುತ್ತದೆ.

ಪೇಟೆಗಳ ಗುಣ ಬೇರೆ ಬೇರೆ. ಮಡಿಕೇರಿ ಜಿಲ್ಲಾ ಕೇಂದ್ರ. ಆಫೀಸು, ದೊಡ್ಡ ಸರ್ಕಾರಿ ಆಸ್ಪತ್ರೆ, ಕಾಲೇಜು, ಆಕಾಶವಾಣಿ ಎಲ್ಲ ಅಲ್ಲೇ. ಆದರೆ ಊರೆಲ್ಲ ಏರು ಇಳಿಜಾರು. ಮಂಡಿ ನೋವಿನ ಹಿರಿಯರಿದ್ದರೆ ಎರಡು ಸಲ ಯೋಚನೆ ಮಾಡಿ. ಕುಶಾಲನಗರ ಸಮತಟ್ಟು. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದು ಆಗಲೇ ಮೈಸೂರು ಜಿಲ್ಲೆ. ಮೈಸೂರು ಸುಮಾರು 85 ಕಿಲೋಮೀಟರ್. ಹಾಗಾಗಿ ಹೊರಗಿಂದ ಬಂದವರಿಗೆ ಹೊಂದಿಕೊಳ್ಳಲು ಇದೇ ಸುಲಭ. ಇದು ನಿಜವಾದ ಕೊಡಗೇ ಅಲ್ಲ ಅಂತ ಬೆಟ್ಟದ ಮೇಲಿನವರು ತಮಾಷೆ ಮಾಡುತ್ತಾರೆ. ಮಾಡಲಿ, ನಮ್ಮ ಬಟ್ಟೆ ಒಣಗುತ್ತದೆ.

ವಿರಾಜಪೇಟೆ, ಗೋಣಿಕೊಪ್ಪ ದಕ್ಷಿಣ ಕೊಡಗಿನ ವ್ಯಾಪಾರದ ಪೇಟೆಗಳು. ವಿರಾಜಪೇಟೆಯಿಂದ ಮಾಕುಟ್ಟ ದಾರಿಯಲ್ಲಿ ಕೇರಳ ಹತ್ತಿರ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆಯವರಿಗೆ ಅನುಕೂಲವಾಗಿದೆ. ಆದರೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಪೇಟೆಯಿಂದ ಸ್ವಲ್ಪ ಹೊರಗೆ ಮನೆ ಮಾಡುವವರು ಆನೆಯ ಹೊತ್ತನ್ನೂ ಕೇಳಿಕೊಳ್ಳಬೇಕು. ಇದು ತಮಾಷೆಯಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ತೋಟಕ್ಕೆ ಆನೆ ಬರುವುದು ಅಲ್ಲಿ ಮಾಮೂಲು. ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗುವ ನಗರದ ಅಭ್ಯಾಸ ಅಲ್ಲಿ ಬಿಡಬೇಕಾಗುತ್ತದೆ. ಸೋಮವಾರಪೇಟೆ ಉತ್ತರಕ್ಕೆ, ಸದ್ದಿಲ್ಲದ ಊರು. ಪ್ರವಾಸಿಗರ ಗಲಾಟೆ ಕಡಿಮೆ ಬೇಕು ಅನ್ನುವವರಿಗೆ ನಾನು ಅದನ್ನೇ ಹೇಳುವುದು.

ಹೆಜ್ಜೆ 3: ಜುಲೈನಲ್ಲಿ ಬಂದು ನಾಲ್ಕು ದಿನ ಇರಿ

ಇಡೀ ಲೇಖನದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಜುಲೈ ಅಥವಾ ಆಗಸ್ಟ್ ಮೊದಲ ವಾರ. ಶನಿವಾರ ಭಾನುವಾರ ಬೇಡ, ಸೋಮವಾರದಿಂದ ಗುರುವಾರ. ಹೋಂಸ್ಟೇ ಬೇಡ, ಪೇಟೆಯ ಒಂದು ಸಾದಾ ಲಾಡ್ಜ್ ಸಾಕು. ಮನೆಯವರೆಲ್ಲ ಬರಬೇಕು. ಅದರಲ್ಲೂ ವಯಸ್ಸಾದವರು.

ಮೊದಲ ದಿನ ಏನೂ ಮಾಡಬೇಡಿ, ಸುಮ್ನೆ ಇರಿ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾದ ಹಾಗಿರುತ್ತದೆ. ಮಳೆಯ ಸದ್ದು ನಿಲ್ಲುವುದಿಲ್ಲ. ಕರೆಂಟ್ ಹೋಗಬಹುದು. ಮೊದಲ ಎರಡು ಗಂಟೆ ಎಲ್ಲರಿಗೂ ಚೆನ್ನಾಗಿರುತ್ತದೆ. ಆಮೇಲೆ ಯಾರು ಚಡಪಡಿಸುತ್ತಾರೆ ನೋಡಿ. ನಾವು ಒಮ್ಮೆ ಮಡಿಕೇರಿಯಲ್ಲಿ ಹೀಗೆ ಇದ್ದಾಗ ಮೂರನೇ ದಿನ ಅತ್ತೆ ಕಿಟಕಿ ಹತ್ತಿರ ಕೂತು "ಇಲ್ಲಿ ಸೂರ್ಯನಿಗೆ ಎಷ್ಟು ದಿನ ರಜೆ?" ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದಲೇ ನಾವು ಮಡಿಕೇರಿ ಬಿಟ್ಟು ಕುಶಾಲನಗರ ಆರಿಸಿದ್ದು.

ಎರಡನೇ ದಿನ ಮನೆ ನೋಡಿ. ಮಳೆಗಾಲದಲ್ಲಿ ಮನೆ ಸುಳ್ಳು ಹೇಳುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕೆಲಸ ಕೊಡಿ. ಬೀರು ಗೋಡೆಗೆ ಒತ್ತಿಕೊಂಡಿದ್ದರೆ ಅದರ ಹಿಂದೆ ಟಾರ್ಚ್ ಹಾಕಿ, ಬೂಸ್ಟು ಇದ್ದರೆ ಅಲ್ಲೇ ಕಾಣುತ್ತದೆ. ಪಶ್ಚಿಮದ ಗೋಡೆ ಮುಟ್ಟಿ ನೋಡಿ, ಮುಂಗಾರಿನ ಏಟು ಬೀಳುವುದು ಹೆಚ್ಚಾಗಿ ಆ ಕಡೆಗೇ. ತಾರಸಿ ಮೇಲೆ ಶೀಟ್ ಹಾಕಿದ್ದಾರಾ ಅಂತ ಕೇಳಿ. ಇಲ್ಲಿ ತಾರಸಿ ಮನೆಗೂ ಮೇಲೆ ಶೀಟ್ ಹಾಕುವುದು ಶೋಕಿಗಲ್ಲ. ಸೋರುವುದು ನಿಲ್ಲುತ್ತದೆ, ಅದರ ಕೆಳಗೆ ಬಟ್ಟೆಯೂ ಒಣಗುತ್ತದೆ.

ನಮ್ಮ ಮೊದಲ ಬಾಡಿಗೆ ಮನೆಯನ್ನು ನಾವು ಫೆಬ್ರವರಿಯಲ್ಲಿ ನೋಡಿದ್ದೆವು. ಹೊಸ ಪೇಂಟ್, ಫಳಫಳ. ಜುಲೈ ಎರಡನೇ ವಾರಕ್ಕೆ ಮಲಗುವ ಕೋಣೆಯ ಗೋಡೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಎದ್ದು ನಿಂತಿತು. ಮಾಲೀಕರಿಗೆ ಹೇಳಿದರೆ "ಮಳೆ ಅಲ್ವಾ, ಎಲ್ಲ ಕಡೆ ಹಾಗೇ" ಅಂದರು. ಎಲ್ಲ ಕಡೆ ಹಾಗಿರಲಿಲ್ಲ, ಪಕ್ಕದ ಮನೆ ಚೆನ್ನಾಗಿಯೇ ಇತ್ತು. ಹೊಸ ಪೇಂಟ್ ಕಂಡರೆ ಖುಷಿ ಪಡಬೇಡಿ, ಅನುಮಾನ ಪಡಿ.

ಮೂರನೇ ದಿನ ಹೊಳೆಯ ಲೆಕ್ಕ. ಕುಶಾಲನಗರದಲ್ಲಿ ಮಳೆ ಕಡಿಮೆ ನಿಜ, ಆದರೆ ನೀರು ಬರುವುದು ಮೇಲಿಂದ. ಭಾಗಮಂಡಲ, ಮಡಿಕೇರಿ ಕಡೆ ಸುರಿದದ್ದೆಲ್ಲ ಕಾವೇರಿಯಲ್ಲಿ ಇಳಿದು ಬರುತ್ತದೆ. ಕೂಡಿಗೆಯಲ್ಲಿ ಹಾರಂಗಿಯೂ ಬಂದು ಸೇರುತ್ತದೆ. ಎರಡೂ ತುಂಬಿ ಬಂದರೆ ಹೊಳೆ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ನುಗ್ಗಿತ್ತು, 2019ರ ಆಗಸ್ಟ್‌ನಲ್ಲಿ ಮತ್ತೆ ನುಗ್ಗಿತ್ತು. ಬ್ರೋಕರ್‌ನನ್ನು ಬಿಟ್ಟು ಬೀದಿಯ ಅಂಗಡಿಯವರನ್ನು ಕೇಳಿ, "ಅಣ್ಣ, ಆ ಎರಡು ವರ್ಷ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಅವರು ಬಾಯಲ್ಲಿ ಹೇಳುವುದಿಲ್ಲ, ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಕೈ ಸೊಂಟಕ್ಕಿಂತ ಮೇಲೆ ಹೋದರೆ ಥ್ಯಾಂಕ್ಸ್ ಹೇಳಿ ಮುಂದಿನ ಬೀದಿಗೆ ಹೋಗಿ.

ಬೆಟ್ಟದ ಪೇಟೆಯಾದರೆ ಪ್ರಶ್ನೆ ಬೇರೆ. ಮನೆ ಹಿಂದೆ ಬರೆ ಇದೆಯಾ? ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಮಣ್ಣಿನ ಗೋಡೆಯನ್ನು ಇಲ್ಲಿ ಬರೆ ಅನ್ನುತ್ತಾರೆ. ಮಳೆಗಾಲದ ಪೇಪರಿನಲ್ಲಿ "ಬರೆ ಕುಸಿತ" ಇಲ್ಲದ ದಿನ ಕಡಿಮೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು, ಮಂಗಳೂರು ಹೆದ್ದಾರಿ ವಾರಗಟ್ಟಲೆ ಬಂದ್ ಆಯಿತು. ಮುಂದಿನ ವರ್ಷ ತೋರ ಅನ್ನುವ ಊರಿನಲ್ಲಿ, ಅದರ ಮುಂದಿನ ವರ್ಷ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಕುಸಿಯಿತು. ಆದ್ದರಿಂದ ಮೇಲಿನ ಮನೆಯ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಮರಗಳು ಒಂದೇ ಕಡೆಗೆ ಬಾಗಿವೆಯಾ, ನೆಲದಲ್ಲಿ ಉದ್ದದ ಬಿರುಕು ಇದೆಯಾ, ಎಂದೂ ಇಲ್ಲದ ಜಾಗದಲ್ಲಿ ಕೆಸರು ನೀರು ಒಸರುತ್ತಿದೆಯಾ ನೋಡಿ. ಇದ್ದರೆ ಆ ಮನೆಯಿಂದ ಕಾಣುವ ವ್ಯೂ ಎಷ್ಟೇ ಚೆನ್ನಾಗಿದ್ದರೂ ಬೇಡ. ಒಳ್ಳೆ ವ್ಯೂ ಅಂದರೆ ಇಳಿಜಾರು ಅಂತಲೇ ಅರ್ಥ.

ನಾಲ್ಕನೇ ದಿನ ವಾಪಸ್ಸು ಹೋಗುವಾಗ ಯಾರೂ ಏನೂ ಹೇಳಬೇಡಿ. ಮನೆಗೆ ಹೋಗಿ ಅವರವರ ಹಾಳೆ ತೆಗೆದು ಮತ್ತೆ ಬರೆಯಿರಿ. ಡಿಸೆಂಬರ್‌ನಲ್ಲಿ ಬರೆದದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ನಿಮಗೆ ಬೇಕಾದ ಉತ್ತರ.

ಬಿಡುವಿದ್ದರೆ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಬನ್ನಿ. ಅದೇ ಕಾವೇರಿ ಸೇತುವೆ ಮೇಲೆ ನಿಂತರೆ ಕೆಳಗೆ ಬಂಡೆಗಳು ಕಾಣುತ್ತವೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಬೋರ್‌ವೆಲ್ ಇದೆಯಾ ಅಂತ ಆಗ ಕೇಳಿ. ಕಾವೇರಿ ಪಕ್ಕದಲ್ಲೇ ಇದ್ದು ನೀರಿಗೆ ಪರದಾಡುವುದಾ ಅಂತ ನಗಬೇಡಿ.

ಹೆಜ್ಜೆ 4: ಆಸ್ಪತ್ರೆಗೆ ರಾತ್ರಿ ಹೊತ್ತು ಒಂದು ಸಲ ಹೋಗಿ ಬನ್ನಿ

ಕಾಯಿಲೆ ಬಿದ್ದಾಗ ಅಲ್ಲ, ಚೆನ್ನಾಗಿರುವಾಗ. ಜ್ವರ, ಕೆಮ್ಮು, ಹೆರಿಗೆ, ಸಣ್ಣಪುಟ್ಟ ಏಟಿಗೆ ಪೇಟೆಗಳಲ್ಲೇ ಆಸ್ಪತ್ರೆ ಇದೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಜಿಲ್ಲಾ ಆಸ್ಪತ್ರೆ ಅದರ ಜೊತೆಗೇ ನಡೆಯುತ್ತದೆ. ಆದರೆ ಹೃದಯ, ಮೆದುಳು, ದೊಡ್ಡ ಆಪರೇಷನ್ ಅಂದರೆ ಮೈಸೂರು ಅಥವಾ ಮಂಗಳೂರಿನ ದಾರಿ ಹಿಡಿಯುವವರೇ ಜಾಸ್ತಿ.

ಅತ್ತೆಗೆ ಬಿಪಿ, ಶುಗರ್ ಎರಡೂ ಇವೆ. ಅದಕ್ಕೆ ನಾವು ಬಾಡಿಗೆ ಮಾತಾಡುವ ಮೊದಲು ಒಂದು ರಾತ್ರಿ ಹತ್ತು ಗಂಟೆಗೆ ಕುಶಾಲನಗರದಿಂದ ಹೊರಟು ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿನ ಜಯದೇವ ಆಸ್ಪತ್ರೆ ಬಾಗಿಲವರೆಗೆ ಕಾರು ಓಡಿಸಿ ನೋಡಿದೆವು. ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಅದೇ ಮನೆ ಮಡಿಕೇರಿಯಲ್ಲಿದ್ದರೆ ಇನ್ನೂ ಮುಕ್ಕಾಲು ಗಂಟೆ ಸೇರಿಸಿ. ಮಂಗಳೂರಿನ ಕಡೆಗಾದರೆ ಸಂಪಾಜೆ ಘಾಟಿ ಇಳಿಯಬೇಕು. ಆ ದಾರಿ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲಾಗದು.

ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಈಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಇದ್ದರೆ ಮೊದಲು ಅವರ ಡಾಕ್ಟರ್ ಹತ್ತಿರ ಮಾತಾಡಿ. ಡಾಕ್ಟರ್ ಬೇಡ ಅಂತ ತಲೆ ಅಲ್ಲಾಡಿಸಿದರೆ ಮುಂದಿನ ಹೆಜ್ಜೆಗಳನ್ನು ಓದುವ ಅಗತ್ಯವೇ ಇಲ್ಲ.

ಹೆಜ್ಜೆ 5: ಕೆಲಸ, ಕರೆಂಟ್, ನೆಟ್

ಕಂಪನಿಯವರು "ಕವರೇಜ್ ಇದೆ" ಅನ್ನುತ್ತಾರೆ. ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕೇಳಿ, ಅವನಿಗೆ ಯಾವ ಸಿಮ್ ಯಾವ ಕೋಣೆಯಲ್ಲಿ ಸಿಗುತ್ತದೆ ಅನ್ನುವುದೂ ಗೊತ್ತಿರುತ್ತದೆ. ಪೇಟೆಯ ಒಳಗೆ ಫೈಬರ್ ಸಿಗುತ್ತದೆ. ಆದರೆ ಗಾಳಿ ಮಳೆಗೆ ಒಂದು ಮರ ಬಿದ್ದರೆ ವಿದ್ಯುತ್ ತಂತಿ, ಫೈಬರ್ ಎರಡೂ ಒಟ್ಟಿಗೆ ನೆಲಕ್ಕೆ ಬರುತ್ತವೆ. ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಮತ್ತು ಒಳ್ಳೆ ಯುಪಿಎಸ್ ಇಲ್ಲದೆ ಮನೆಯಿಂದ ಕೆಲಸ ಅನ್ನುವ ಮಾತು ಬೇಡ. ಮೊದಲ ಜುಲೈನಲ್ಲಿ ನಮ್ಮವರು ಒಂದು ಮುಖ್ಯವಾದ ಮೀಟಿಂಗನ್ನು ಕಾರಿನಲ್ಲಿ ಕೂತು, ಬಸ್ ಸ್ಟ್ಯಾಂಡ್ ಹತ್ತಿರ ಸಿಗ್ನಲ್ ಹುಡುಕಿ ಮುಗಿಸಿದರು.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಕಂಪನಿ ನಾಳೆ "ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ" ಅಂದರೆ? ಬೆಂಗಳೂರಿಗೆ ಇಲ್ಲಿಂದ 220 ಕಿಲೋಮೀಟರ್‌ಗಿಂತ ಜಾಸ್ತಿ. ಕೊಡಗಿಗೆ ರೈಲಿಲ್ಲ. ಮೈಸೂರು-ಕುಶಾಲನಗರ ರೈಲಿನ ಮಾತು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಮೈಸೂರು-ಕುಶಾಲನಗರ ನಾಲ್ಕು ಪಥದ ರಸ್ತೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಜಾಗ ಮಾರುವವರು ಈ ಎರಡನ್ನೂ ಆಗಲೇ ಬಂದುಬಿಟ್ಟವು ಅನ್ನುವ ಹಾಗೆ ಬೆಲೆಯಲ್ಲಿ ಸೇರಿಸುತ್ತಾರೆ. ನೀವು ಸೇರಿಸಬೇಡಿ. ಇವತ್ತಿನ ರಸ್ತೆಗೆ ಇವತ್ತಿನ ಬೆಲೆ.

ಹೆಜ್ಜೆ 6: ದುಡ್ಡಿನ ಲೆಕ್ಕ ಪೂರ್ತಿ ಹಾಕಿ

"ಅಲ್ಲಿ ಖರ್ಚು ಕಡಿಮೆ" ಅನ್ನುವ ಮಾತನ್ನು ನಂಬಿ ಬಂದವರು ನಾವು. ನಮ್ಮ ಮೊದಲ ವರ್ಷದ ತಿಂಗಳ ಲೆಕ್ಕ ಇಲ್ಲಿದೆ, ನಿಮ್ಮದು ಬೇರೆ ಇರಬಹುದು. ಬಾಡಿಗೆ 26,000ದಿಂದ 11,000ಕ್ಕೆ ಇಳಿಯಿತು. ಅಂದರೆ 15,000 ಉಳಿತಾಯ. ಮಗನ ಶಾಲೆ ಫೀಸಿನಲ್ಲಿ ತಿಂಗಳಿಗೆ 3,000 ಉಳಿಯಿತು. ಒಟ್ಟು 18,000. ಈಗ ಕಳೆಯಿರಿ. ಕಾರಿಗೆ ಪೆಟ್ರೋಲು, ರಿಪೇರಿ ಅಂತ ಹೆಚ್ಚುವರಿ 4,500. ಡಾಕ್ಟರ್, ಸಾಮಾನು, ಮದುವೆ ಮುಂಜಿ ಅಂತ ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋದದ್ದು 5,000. ಎರಡನೇ ನೆಟ್ಟು, ಯುಪಿಎಸ್ 1,200. ನಿಂತುಹೋದ ನನ್ನ ಟ್ಯೂಷನ್ ಆದಾಯ 9,000. ಒಟ್ಟು 19,700. ಉಳಿತಾಯ ಮಾಡಲು ಬಂದು ತಿಂಗಳಿಗೆ 1,700 ಕೈಯಿಂದ ಹೋಯಿತು.

ಎರಡನೇ ವರ್ಷ ಇಲ್ಲೇ ಟ್ಯೂಷನ್ ಶುರು ಮಾಡಿದ ಮೇಲೆ ತಕ್ಕಡಿ ಈ ಕಡೆ ವಾಲಿತು. ಆದ್ದರಿಂದ ಕೆಲಸ ಬಿಟ್ಟು ಬರುವವರ ಸಂಬಳವನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಿರಿ. ಅದು ಯಾವಾಗಲೂ ಬಿಟ್ಟುಹೋಗುತ್ತದೆ, ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

"ಹೋಂಸ್ಟೇ ಮಾಡಿದರೆ ಆಯಿತು" ಅನ್ನುವವರಿಗೆ ಒಂದೇ ಮಾತು. ಪ್ರತಿ ತಿರುವಿನಲ್ಲೂ ಒಂದು ಬೋರ್ಡ್ ಇದೆ, ಎಣಿಸಿಕೊಂಡು ಬನ್ನಿ.

ಹೆಜ್ಜೆ 7: ಶಾಲೆ

ಹತ್ತನೇ ತರಗತಿವರೆಗೆ ಚಿಂತೆ ಇಲ್ಲ. ಪೇಟೆಗಳಲ್ಲಿ ಒಳ್ಳೆ ಶಾಲೆಗಳಿವೆ. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ. ಕುಶಾಲನಗರದಲ್ಲೂ ಪೊನ್ನಂಪೇಟೆಯಲ್ಲೂ ಇಂಜಿನಿಯರಿಂಗ್ ಕಾಲೇಜು ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೂ ಇದೆ. ಕಷ್ಟ ಇರುವುದು ನಡುವಿನ ಪಿಯುಸಿಯಲ್ಲಿ. ನೀಟ್, ಸಿಇಟಿ ಕೋಚಿಂಗ್ ಅಂತ ಮಕ್ಕಳನ್ನು ಮೈಸೂರು, ಮಂಗಳೂರು ಕಡೆಯ ಹಾಸ್ಟೆಲ್‌ಗೆ ಕಳಿಸುವ ಮನೆಗಳು ಇಲ್ಲಿ ಬಹಳ. ಮಗ ಅಥವಾ ಮಗಳು ಒಂಬತ್ತನೇ ತರಗತಿಯಲ್ಲಿದ್ದರೆ ಮೂರು ವರ್ಷ ತಡೆದು ಬರುವುದೇ ಮೇಲು. ಮಳೆ ಜೋರಾದರೆ ರಜೆ ಕೊಡುತ್ತಾರೆ, ಮಕ್ಕಳ ಹಾಳೆಯಲ್ಲಿ ಇದು ಲಾಭದ ಕಡೆ ಇರುತ್ತದೆ.

ಹೆಜ್ಜೆ 8: ಜನ

ಇಲ್ಲಿ ಪರಿಚಯ ಆದ ಕೂಡಲೇ ಕೇಳುವುದು ಯಾವ ಊರು, ಯಾವ ಮನೆ ಅಂತ. ಕೊಡವರಲ್ಲಿ ಹೆಸರಿಗಿಂತ ಮೊದಲು ಮನೆಪೆದ, ಅಂದರೆ ಮನೆತನದ ಹೆಸರು, ಬರುತ್ತದೆ. ಆ ಒಂದು ಪದದಲ್ಲೇ ಅವರ ಊರು, ನೆಂಟಸ್ತಿಕೆ ಎಲ್ಲ ಗೊತ್ತಾಗುತ್ತದೆ. ನಮ್ಮಂಥವರಿಗೆ ಮನೆಪೆದ ಇಲ್ಲ. ಹಾಗಾಗಿ ನಾವು "ಬೆಂಗಳೂರಿನವರು". ಮೂರು ವರ್ಷ ಆದರೂ ಹಾಗೇ. ಮೊದಲು ಬೇಜಾರಾಗುತ್ತಿತ್ತು, ಈಗ ಅದೇ ನಮ್ಮ ಮನೆಪೆದ ಅಂದುಕೊಂಡಿದ್ದೇನೆ.

ಮಾತು ಹಲವು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು. ಎಲ್ಲರಿಗೂ ಕನ್ನಡ ಬರುತ್ತದೆ, ಕಷ್ಟವಿಲ್ಲ. ಆದರೆ ಅವರವರೇ ಸೇರಿದಾಗ ಮಾತು ಬದಲಾಗುತ್ತದೆ. ಅದು ನಿಮ್ಮನ್ನು ಹೊರಗಿಡಲು ಅಲ್ಲ. ಸಂತೆಗೆ ಹೋಗಿ, ಮಡಿಕೇರಿಯಲ್ಲಾದರೆ ಶುಕ್ರವಾರ. ಕೈಲ್‌ಪೋಳ್ದ್‌ಗೆ, ಹುತ್ತರಿ ಹಬ್ಬಕ್ಕೆ ಕರೆದರೆ ತಪ್ಪದೆ ಹೋಗಿ. ಸಸ್ಯಾಹಾರಿಗಳಾದರೆ ಮೊದಲೇ ಹೇಳಿಬಿಡಿ, ಅಕ್ಕಿಯ ಕಡಂಬುಟ್ಟು, ನೂಪುಟ್ಟು ನಿಮಗೂ ಸಿಗುತ್ತದೆ. ಸಾವಿನ ಮನೆಗೆ ಕರೆಯದಿದ್ದರೂ ಹೋಗಿ. ಅತ್ತೆಗೆ ಗೆಳತಿಯರು ಸಿಕ್ಕಿದ್ದು ಹಬ್ಬದ ಮನೆಯಲ್ಲಿ ಅಲ್ಲ, ಬೀದಿ ಕೊನೆಯ ಒಂದು ಸಾವಿನ ಮನೆಯಲ್ಲಿ ಎರಡು ದಿನ ಅಡುಗೆಗೆ ನಿಂತ ಮೇಲೆ.

ಒಂದು ಕಿರಿಕಿರಿ ಮಾತ್ರ ನನಗೆ ಇನ್ನೂ ಅಭ್ಯಾಸವಾಗಿಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ರಸ್ತೆ ಪ್ರವಾಸಿಗರದ್ದು. ನಿಸರ್ಗಧಾಮದ ಹತ್ತಿರ, ಕೊಪ್ಪದ ಹತ್ತಿರ ಕಾರಿನ ಸಾಲು. ತರಕಾರಿ, ಔಷಧಿ ಎಲ್ಲ ಶುಕ್ರವಾರ ಮಧ್ಯಾಹ್ನದ ಒಳಗೆ ತಂದಿಟ್ಟುಕೊಳ್ಳಿ. ಟ್ರಾಫಿಕ್‌ಗೆ ಹೆದರಿ ಬೆಂಗಳೂರು ಬಿಟ್ಟರೆ ಬೆಂಗಳೂರಿನ ಟ್ರಾಫಿಕ್ಕೇ ವಾರಕ್ಕೊಮ್ಮೆ ನೋಡಲು ಬರುತ್ತದೆ!

ಹೆಜ್ಜೆ 9: ಮೊದಲು ಬಾಡಿಗೆ, ಆಮೇಲೆ ಸೈಟು

ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯದೆ ಒಂದು ಸೆಂಟ್ ಜಾಗವನ್ನೂ ಕೊಳ್ಳಬೇಡಿ. ಬೆಂಗಳೂರಿನ ಮನೆ ಸ್ವಂತದ್ದಾದರೆ ಮಾರಬೇಡಿ, ಬಾಡಿಗೆಗೆ ಕೊಡಿ. ವಾಪಸ್ಸು ಹೋಗುವುದು ಸೋಲಲ್ಲ. ನಮ್ಮ ಹಿಂದೆ ಬಂದ ಎರಡು ಕುಟುಂಬದಲ್ಲಿ ಒಂದು 11 ತಿಂಗಳಿಗೆ ಹಿಂದಿರುಗಿತು. ಬಾಡಿಗೆಯಲ್ಲಿದ್ದ ಕಾರಣ ಲಾರಿ ಖರ್ಚಿನಲ್ಲೇ ಮುಗಿಯಿತು.

ಕೊಳ್ಳುವಾಗ ಕೊಡಗಿನ ಜಾಗಕ್ಕೆ ಅದರದೇ ತೊಡಕುಗಳಿವೆ. 2020ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಮನೆ ಕಟ್ಟಲು ಬರುವುದಿಲ್ಲ, ಭೂ ಪರಿವರ್ತನೆ ಆಗಿರಬೇಕು. ಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ ಎರಡನ್ನೂ ಕಣ್ಣಾರೆ ನೋಡಿ. ಗ್ರಾಮ ಪಂಚಾಯಿತಿ ಜಾಗವಾದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. 11 "ಬಿ" ಅಂತ ಇದ್ದರೆ ಅಡ್ವಾನ್ಸ್ ಕೊಡದೆ ವಕೀಲರ ಹತ್ತಿರ ಹೋಗಿ. ಪಟ್ಟಣದ ಒಳಗಾದರೆ ಇ-ಖಾತೆ ಕೇಳಿ. ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ಅದನ್ನು ತೆಗೆಯುವ ಸರ್ಕಾರಿ ತಂತ್ರಾಂಶದ ಹೆಸರೂ ಕಾವೇರಿಯೇ, ಅದೂ ಆಗಾಗ ಬತ್ತುತ್ತದೆ.

ಇನ್ನು ಇಲ್ಲಿನ ಪದಗಳು. ಜಮ್ಮಾ ಜಾಗ ಅಂದರೆ ತಲೆತಲಾಂತರದಿಂದ ಕುಟುಂಬದ ಹೆಸರಿನಲ್ಲಿ ಬಂದದ್ದು. ಪಹಣಿಯಲ್ಲಿ ಹತ್ತಾರು ಹೆಸರು ಇರಬಹುದು. ಒಬ್ಬರು ಸಹಿ ಹಾಕಿ ಕೊಟ್ಟರೂ ನಾಳೆ ಇನ್ನೊಬ್ಬರು ಬಂದು ಕೇಳಬಹುದು. ಬಾಣೆ ಅಂದರೆ ಗದ್ದೆಗೆ ಹೊಂದಿಕೊಂಡು ಸೊಪ್ಪು, ಸೌದೆಗೆ ಅಂತ ಬಿಟ್ಟ ಜಾಗ, ಅದರ ಹಕ್ಕಿನ ಕಥೆಯೇ ಬೇರೆ. ಪೈಸಾರಿ ಅಂದರೆ ಸರ್ಕಾರದ್ದು. "ಎಲ್ಲರೂ ಕಟ್ಟಿದ್ದಾರೆ, ನೀವೂ ಕಟ್ಟಿ" ಅಂದರೆ ಕೈಮುಗಿದು ಬನ್ನಿ. ಸಿ ಮತ್ತು ಡಿ ವರ್ಗದ ಜಾಗ ಅಂದರೆ ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ಎಳೆದಾಟ ಇರುವಂಥದ್ದು. ಈ ನಾಲ್ಕು ಪದದಲ್ಲಿ ಯಾವುದು ಕಿವಿಗೆ ಬಿದ್ದರೂ ಇಲ್ಲಿಯದೇ ವಕೀಲರಿಗೆ ಕಾಗದ ತೋರಿಸಿ. ಬೆಂಗಳೂರಿನ ವಕೀಲರು ಎಷ್ಟೇ ಜಾಣರಾದರೂ ಜಮ್ಮಾ ಅಂದಾಗ ಪುಸ್ತಕ ಹುಡುಕುತ್ತಾರೆ.

ಗದ್ದೆಗೆ ಮಣ್ಣು ತುಂಬಿ ಮಾಡಿದ ಸೈಟು ಕೂಡ ಬೇಡ. ಗದ್ದೆ ಇರುವುದೇ ನೀರು ನಿಲ್ಲುವ ಕಡೆ. ಮೇಲೆ ಎಷ್ಟು ಮಣ್ಣು ಹಾಕಿದರೂ ನೀರಿಗೆ ದಾರಿ ಗೊತ್ತು.

ಕಟ್ಟುವುದಾದರೆ ಜೂನ್ ಒಳಗೆ ಮೇಲ್ಛಾವಣಿ ಆಗಬೇಕು. ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಶುರು ಮಾಡಿದರೆ ಆಯಿತು ಅಂದುಕೊಳ್ಳುತ್ತೀರಿ. ಆದರೆ ನವೆಂಬರ್ ಕೊನೆಯಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು. ಆಗ ಆಳು ಎಲ್ಲ ತೋಟದಲ್ಲಿ. ಗಾರೆ ಕೆಲಸಕ್ಕೆ ಸಹಾಯಕರು ಸಿಗುವುದಿಲ್ಲ. ಕಂಟ್ರಾಕ್ಟರ್ ಹೇಳಿದ ದಿನಕ್ಕೆ ನಾಲ್ಕು ತಿಂಗಳು ಸೇರಿಸಿ ಲೆಕ್ಕ ಹಾಕಿ.

ಹೆಜ್ಜೆ 10: ಸಾಮಾನು ಸಾಗಿಸುವುದು

ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಒಳ್ಳೆಯದು. ಮಕ್ಕಳ ಶಾಲೆ ಮುಗಿದಿರುತ್ತದೆ, ಮನೆ ಜೋಡಿಸಿಕೊಳ್ಳಲು ಒಂದು ತಿಂಗಳು ಬಿಸಿಲು ಸಿಗುತ್ತದೆ. ಪ್ಲೈವುಡ್ ಬೀರು, ಹತ್ತಿ ಹಾಸಿಗೆ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಒಂದೇ ಮಳೆಗಾಲಕ್ಕೆ ಉಬ್ಬಿ, ವಾಸನೆ ಹಿಡಿದು ಎಸೆಯಬೇಕಾಗುತ್ತದೆ. ಚರ್ಮದ ಬೆಲ್ಟು, ಚಪ್ಪಲಿ, ರೇಷ್ಮೆ ಸೀರೆ ಕಬ್ಬಿಣದ ಪೆಟ್ಟಿಗೆಯಲ್ಲಿ. ಫೋಟೋ ಆಲ್ಬಮ್, ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ. ಕೊಡೆ ಬೆಂಗಳೂರಿನಿಂದ ತರಬೇಡಿ, ಇಲ್ಲಿನ ಗಾಳಿಗೆ ನಿಲ್ಲುವ ಉದ್ದ ಹಿಡಿಯ ಕೊಡೆ ಇಲ್ಲೇ ಸಿಗುತ್ತದೆ.

ಲಾರಿಯವನಿಗೆ ಟಾರ್ಪಾಲು ತರಲು ಹೇಳಿ. ಮೇ ತಿಂಗಳು ಅಲ್ವಾ ಅಂತ ಅವನು ನಗುತ್ತಾನೆ. ನಮ್ಮ ಲಾರಿಯವನೂ ನಕ್ಕಿದ್ದ. ಪಿರಿಯಾಪಟ್ಟಣ ದಾಟುವಾಗ ಗಾಡಿ ನಿಲ್ಲಿಸಿ ಅತ್ತೆಯ ದೇವರ ಮಂಟಪದ ಮೇಲೆ ತನ್ನ ಲುಂಗಿ ಹೊದಿಸಿದ.